ಮಡಿಲಕ್ಕಿಗೆ ಚೀಟಿ

ಪ್ರೇಮಕುಮಾರಿ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೊರಟ ದಿನ ಹೊಳೆದಂಡೆಯ ಗೇಟಿನಲ್ಲಿ ಅವಳ ಮಡಿಲಕ್ಕಿಯನ್ನು ಸುರಿಸಿಕೊಂಡರು.

ಅದು ಭತ್ತಕ್ಕೆ ಲೆವಿ ಬಂದ ಕಾಲ. ಬೆಳೆದವರು ಸರ್ಕಾರ ಹೇಳಿದಷ್ಟನ್ನು ಸರ್ಕಾರ ಹೇಳಿದ ಬೆಲೆಗೆ ಅಳೆದುಕೊಡಬೇಕು. ಮಿಕ್ಕಿದ್ದು ನಿಮ್ಮದೇ ಅನ್ನುತ್ತಿದ್ದರು, ಆದರೆ ಅದನ್ನು ಜಿಲ್ಲೆ ದಾಟಿಸುವಂತಿರಲಿಲ್ಲ. ರಾಮನಾಥಪುರದಿಂದ ಕೆಳಕ್ಕೆ ಅವಳ ತವರೂರಿನ ಬಳಿ ಕಾವೇರಿಯ ಈ ದಡ ಹಾಸನ ಜಿಲ್ಲೆ, ಆ ದಡ ಮೈಸೂರು ಜಿಲ್ಲೆ. ಬೇಸಿಗೆ ಹಿಡಿದ ಮೇಲೆ ನಡುವೆ ಇರುವುದು ಮೊಣಕಾಲುದ್ದ ನೀರು. ತಾತಮುತ್ತಾತರ ಕಾಲದಿಂದ ಹೆಣ್ಣು ಕೊಟ್ಟು ತಂದು ಮಾಡಿಕೊಂಡಿದ್ದ ಜನಕ್ಕೆ ಅಲ್ಲೊಂದು ಗಡಿ ಇದೆ ಅಂತ ಗೊತ್ತಾದದ್ದೇ, ಅತ್ತಿಮರದ ಕೆಳಗೆ ಬಿದಿರು ಗಳವೊಂದನ್ನು ಅಡ್ಡ ಕಟ್ಟಿ ರುದ್ರಯ್ಯ ಅನ್ನುವ ಜವಾನನನ್ನು ಕಾವಲು ಕೂರಿಸಿದಾಗ.

ರುದ್ರಯ್ಯ ಒಬ್ಬನೇ ಇದ್ದಿದ್ದರೆ ಬೇರೆ ಕಡೆ ನೋಡುತ್ತಿದ್ದನೋ ಏನೋ. ಅವತ್ತು ಕಂದಾಯದ ಶೇಕ್ದಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಸೆರಗು ಬಿಚ್ಚವ್ವ" ಅಂದ ರುದ್ರಯ್ಯ, ನೆಲ ನೋಡಿಕೊಂಡು.

ತವರಿನಲ್ಲಿ ಕಟ್ಟಿದ ಮಡಿಲಕ್ಕಿಯನ್ನು ಬಿಚ್ಚುವುದು ಗಂಡನ ಮನೆಯ ದೇವರ ಮುಂದೆ. ದಾರಿಯಲ್ಲಿ ದಣಿವಾದರೂ ಕೆಳಗೆ ಇಳಿಸುವುದಿಲ್ಲ. ಪ್ರೇಮ ಗಂಟಿನ ಮೇಲೆ ಕೈ ಇಟ್ಟುಕೊಂಡಳು. ಶೇಕ್ದಾರರು ಕೆಮ್ಮಿದರು. ಕೊನೆಗೆ ಅವಳೇ ಗಂಟು ಸಡಿಲಿಸಿದಳು. ಕೊಬ್ಬರಿ, ಬೆಲ್ಲದಚ್ಚು, ಎಲೆಯಡಿಕೆಯನ್ನು ವಾಪಸು ಕೊಟ್ಟರು. ಕಾನೂನು ಇದ್ದದ್ದು ಅಕ್ಕಿಗೆ ಮಾತ್ರ. ಅಕ್ಕಿ ಗೋಣಿಚೀಲಕ್ಕೆ ಹೋಯಿತು.

ಹೊಳೆಯಾಚೆ ಅತ್ತೆ ಹೊಸಿಲಲ್ಲೇ ತಡೆದಳು. "ಕೂಸೆತ್ಕೊಂಡು ಬರಿ ಮಡ್ಲಲ್ಲಿ ಒಳಿಕ್ಕೆ ಬರಬಾರ್ದು ಕಣವ್ವ. ಓಗಿ ತುಂಬಿಸ್ಕೊಂಡು ಬಾ." ಪ್ರೇಮಳ ಗಂಡ ತಲೆ ಬಗ್ಗಿಸಿಕೊಂಡು ಹೆಂಡತಿಯನ್ನೂ ಮಗುವನ್ನೂ ಸಂಜೆಯೊಳಗೆ ವಾಪಸು ಬಿಟ್ಟು ಹೋದ.

ಪ್ರೇಮಳ ತಾಯಿ ಪುಟ್ಟತಾಯಮ್ಮ ಅಳಲಿಲ್ಲ. ಗಂಡ ಸತ್ತ ಮೇಲೆ ಅವಳಿಗೆ ಅಳು ಬರುವುದು ನಿಂತೇ ಹೋಗಿತ್ತು. ಗದ್ದೆಯ ತನ್ನ ಪಾಲನ್ನು ತಾನೇ ನಿಂತು ಮಾಡಿಸುತ್ತಿದ್ದಳು, ಯಾರ ಜಗುಲಿಗೂ ಹೋಗುತ್ತಿರಲಿಲ್ಲ. ಅವತ್ತು ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ, ಬೀದಿ ದಾಟಿ, ಭಾವ ಕೆಂಪಣ್ಣನ ಜಗುಲಿಗೆ ಹೋದಳು.

ಕೆಂಪಣ್ಣ ಅವಳ ಗಂಡನ ಅಣ್ಣ. ಊರ ಪಂಚಾಯ್ತಿಯ ಛೇರ್ಮನ್ನು. ಅದಕ್ಕಿಂತ ಹೆಚ್ಚಾಗಿ ರೈತ ಸ್ವಾತಂತ್ರ್ಯ ಸಂಘದ ಅಧ್ಯಕ್ಷ. ಬೆಳೆದವನ ಕಣಜ ಬೆಳೆದವನದು, ಸರ್ಕಾರ ಕಣಜದ ಬಾಗಿಲಾಚೆ ನಿಲ್ಲಬೇಕು, ಪರ್ಮಿಟ್ಟು ಬೇಡಿಕೊಂಡು ಬಾಳೋದಕ್ಕೆ ನಾವೇನು ಕಳ್ಳರೇ, ಇದು ಸಂಘದ ಮಾತು. ಎಲ್ಲರ ಹೊಲ ಒಟ್ಟುಮಾಡಿ ಕೂಡು ಬೇಸಾಯ ಮಾಡಿಸುತ್ತಾರೆ ಅನ್ನುವ ಗುಲ್ಲು ಎದ್ದ ವರ್ಷ ಹುಟ್ಟಿದ ಸಂಘ ಅದು. ಪುಟ್ಟತಾಯಮ್ಮನ ಗಂಡ ಸೈಕಲ್ಲು ತುಳಿದುಕೊಂಡು ಊರೂರಿಗೆ ಆ ಮಾತು ಹೇಳಿ ಬರುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೂ ಹೇಳುತ್ತಿದ್ದ. ಅವನು ಹೋದ ಮೇಲೂ ಆ ಮಾತು ಅವಳಲ್ಲಿ ಉಳಿದಿತ್ತು. ಸಂಘ ಬರುವ ವರ್ಷದ ಚುನಾವಣೆಗೆ ಕೆಂಪಣ್ಣನನ್ನು ನಿಲ್ಲಿಸುವುದು ಅಂತ ತೀರ್ಮಾನ ಮಾಡಿತ್ತು.

"ಭಾವ, ನಿಮ್ಮ ಸಂಘ ಏನ್ ಮಾಡ್ತದೆ?" ಅಂದಳು.

"ಅರ್ಜಿ ಕೊಡಾನ ತಾಯಿ. ಅಮಲ್ದಾರ್ರಿಗೆ."

"ಅರ್ಜಿ ಕೊಟ್ರೆ ಉತ್ರ ಬರೋಷ್ಟೊತ್ಗೆ ನನ್ ಮೊಮ್ಮಗ ಮೀಸೆ ಬಿಟ್ಟಿರ್ತಾನೆ."

ಜಗುಲಿಯಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. "ಎಂಗಸ್ರು ಎಲ್ಲಾ ಮಡ್ಲಲ್ಲಿ ಅಕ್ಕಿ ಕಟ್ಕೊಂಡು ಒಂದೇ ದಿನ ಗೇಟು ದಾಟಾನ. ಯಾರ್ ಯಾರ್ ಸೆರಗ ಬಿಚ್ತಾರೆ ನೋಡಾನ."

ಹಾಸನದಿಂದ ಬಂದಿದ್ದ ಸಂಘದ ಲಾಯರು ರಂಗಸ್ವಾಮಿ ತಲೆಯೆತ್ತಿ ಅವಳನ್ನು ನೋಡಿದರು. ಲೆವಿ ಮೇಲೆ ಮೂರು ತಾಲ್ಲೂಕಲ್ಲಿ ಭಾಷಣ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದ ಮನುಷ್ಯ. ಅಂಕಿ ಅಂಶ ಹೇಳಿದರೆ ಜನ ಆಕಳಿಸುತ್ತಿದ್ದರು. ಈ ಹೆಂಗಸು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು.

ಆಮೇಲೆ ಪುಟ್ಟತಾಯಮ್ಮನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಕೊಣನೂರು ಸಂತೆಯಲ್ಲಿ ತರಕಾರಿ ಸಾಲಿನ ನಡುವೆ ನಿಂತು ಹೇಳಿದಳು. ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದಳು, ಅಲ್ಲಿಂದ ಚನ್ನರಾಯಪಟ್ಟಣಕ್ಕೆ. ಭಾಷಣ ಅಂತ ಏನೂ ಇಲ್ಲ. "ನನ್ ಮಗಳ ಮಡ್ಲಕ್ಕಿ ಸುರಿಸ್ಕೊಂಡ್ರು" ಅನ್ನುವುದು, ಸುಮ್ಮನಾಗುವುದು. ಮಿಕ್ಕಿದ್ದನ್ನು ಕೇಳಿದವರೇ ಹೇಳಿಕೊಳ್ಳುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಒಬ್ಬ ಮುದುಕಿ, "ನಾಳೆ ಬಾಣ್ತಿ ಮೊಲೆ ಹಾಲ್ಗೂ ಲೆವಿ ಆಕ್ತಾರೆ ಕಣ್ರವ್ವಾ, ಜಿಲ್ಲೆ ದಾಟಿ ಕೂಸಿಗೆ ಕುಡಿಸ್ಬ್ಯಾಡ ಅಂತ" ಅಂದಳು. ಆ ಮಾತು ಪುಟ್ಟತಾಯಮ್ಮನಿಗಿಂತ ಮೊದಲೇ ಅರಕಲಗೂಡು ಮುಟ್ಟಿತ್ತು.

ಗೊತ್ತುಮಾಡಿದ ದಿನ ಹೊಳೆದಂಡೆಯಲ್ಲಿ ಗಾಡಿಗಳ ಸಾಲು. ಅಷ್ಟು ಹೆಂಗಸರನ್ನು ಸಂಘದ ಯಾವ ಸಭೆಯೂ ಕಂಡಿರಲಿಲ್ಲ. ಮೈಸೂರಿನಿಂದ ಪೇಪರಿನವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. ಕೆಂಪಣ್ಣನ ಹೆಂಡತಿ ಜಯಲಕ್ಷ್ಮಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮುಂದೆ ನಿಂತಿದ್ದಳು. ಪುಟ್ಟತಾಯಮ್ಮ ತನ್ನ ಗದ್ದೆಯ ಭತ್ತವನ್ನು ಆಳು ಸಣ್ಣಕ್ಕನ ಜೊತೆ ತಾನೇ ಕುಟ್ಟಿ ಕೇರಿ ಮಾಡಿದ ಅಕ್ಕಿಯನ್ನು ಕುಕ್ಕೆಯಲ್ಲಿ ಹೊತ್ತು ತಂದಳು. ಪ್ರೇಮ ಹಸಿರು ಸೀರೆ ಉಟ್ಟಿದ್ದಳು.

ಕೆಂಪಣ್ಣ ಹತ್ತಿರ ಬಂದ. ದನಿ ತಗ್ಗಿಸಿ, "ಪುಟ್ಟತಾಯಿ, ನೀನು ಅಡಿಗೆ ಕಡಿಕ್ಕೆ ಓಗವ್ವ. ಅಕ್ಕಿ ಅಕ್ಕಂಗೆ ಕೊಡು. ಮಡ್ಲು ತುಂಬೋ ಜಾಗ ಇದು, ಪಟ ಬೇರೆ ತೆಗೀತಾವ್ರೆ" ಅಂದ.

ಅವಳಿಗೆ ಅರ್ಥವಾಯಿತು. ಅದರಲ್ಲಿ ಹೊಸದೇನೂ ಇರಲಿಲ್ಲ. ಮೊದಲ ಸಲ ಮಗಳ ಮಡಿಲು ತುಂಬುವಾಗಲೂ ಅವಳೇ ಕದದ ಹಿಂದೆ ಸರಿದು ನಿಂತಿದ್ದಳು, ಯಾರೂ ಹೇಳಿರಲಿಲ್ಲ. ಕುಕ್ಕೆಯನ್ನು ಜಯಲಕ್ಷ್ಮಮ್ಮನ ಕಾಲ ಬಳಿ ಇಟ್ಟು, ಹೊಂಗೆಮರದ ಕೆಳಗೆ ಅನ್ನ ಬೇಯುತ್ತಿದ್ದ ಕಡೆ ಹೋಗಿ ಸೌಟು ಹಿಡಿದಳು.

"ಎಲ್ರನ್ನೂ ಕರ್ಕೊಂಡ್ ಬಂದೋರು ನೀವು, ಈಗ ಗಂಜಿ ಬಸಿಯೋರೂ ನೀವೇಯಾ?" ಅಂದಳು ಸಣ್ಣಕ್ಕ.

"ಸೌದೆ ಆಕು" ಅಂದಳು ಪುಟ್ಟತಾಯಮ್ಮ.

ಅಷ್ಟರಲ್ಲಿ ಗೇಟಿನ ಕಡೆ ಕೂಗು ಎದ್ದಿತು. ಹೊಡೆದಾಟ ಅಂದುಕೊಂಡು ಅವಳು ಓಡಿದಳು. ಹೊಡೆದಾಟವಲ್ಲ, ಜೈಕಾರ. ಶೇಕ್ದಾರರು ಬಂದಿದ್ದರು, ಕೆಂಪಣ್ಣನ ಹೆಗಲ ಮೇಲೆ ಕೈ ಹಾಕಿದ್ದರು. ರಂಗಸ್ವಾಮಿ ಅಮಲ್ದಾರರಿಂದ ಬಂದ ಒಂದು ಕಾಗದ ಓದುತ್ತಿದ್ದರು: ತವರಿನಿಂದ ಗಂಡನ ಮನೆಗೆ ಹೋಗುವ ಹೆಣ್ಣುಮಕ್ಕಳ ಮಡಿಲಕ್ಕಿಗೆ ವಿನಾಯಿತಿ. ಪಂಚಾಯ್ತಿ ಛೇರ್ಮನ್ನರ ರುಜು ಇರುವ ಚೀಟಿ ತೋರಿಸಿ ಗೇಟು ದಾಟಬಹುದು.

ಗಾಡಿಗೆ ಹಸಿರು ತೋರಣ ಕಟ್ಟಿಕೊಂಡು ಬಂದಿದ್ದವರು ಕುಣಿದರು. ಗಳದ ಪಕ್ಕದಲ್ಲೇ ಮೇಜು ಬಂತು. ಕೆಂಪಣ್ಣ ಕನ್ನಡಕ ಹಾಕಿಕೊಂಡು ಚೀಟಿ ಬರೆಯಲು ಕೂತ. ಹೆಂಗಸರು ಸಾಲು ನಿಂತರು. ಗಳ ದಾಟುತ್ತೇವೆ ಅಂತ ಬಂದವರು ಗಳದ ಮುಂದೆ ಸರದಿ ನಿಂತದ್ದನ್ನು ಪುಟ್ಟತಾಯಮ್ಮ ಸೌಟು ಹಿಡಿದೇ ನೋಡಿದಳು. ಅವಳ ಮೈಯೊಳಗೆ ಎಷ್ಟೋ ದಿನದಿಂದ ತಣ್ಣಗಿದ್ದದ್ದು ಏನೋ ಕಾಯತೊಡಗಿತು.

ಮೊದಲ ಚೀಟಿ ಪ್ರೇಮಳದು, ಪಟಕ್ಕಾಗಿ. ಪುಟ್ಟತಾಯಮ್ಮ ಅದನ್ನು ಮಗಳ ಕೈಯಿಂದ ತೆಗೆದುಕೊಂಡು ಓದಿದಳು. ಕೊಟ್ಟವರು: ಜಯಲಕ್ಷ್ಮಮ್ಮ. ಅಕ್ಕಿ ಯಾರ ಕಣಜದ್ದು: ಕೆಂಪಣ್ಣನವರದು.

"ಭಾವ, ಇದು ನನ್ ಅಕ್ಕಿ."

"ಗೊತ್ತು ತಾಯಿ. ಕಾಗದಕ್ಕೆ ಅಂಗೆ ಬರೆದಿರೋದು. ಮುತ್ತೈದೆ ಎಸ್ರು ಇರ್ಬೇಕಲ್ಲ, ಮಡ್ಲಕ್ಕಿ ಅಂದ್ಮೇಲೆ."

"ಕಣಜಕ್ಕೂ ಮುತ್ತೈದೆತನ ಬೇಕಾ?"

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ರಂಗಸ್ವಾಮಿ ನಡುವೆ ಬಂದರು. "ನೋಡಿ ತಾಯಿ, ಸರ್ಕಾರ ಬಗ್ಗಿದೆ. ಇದು ಮೊದಲನೆ ಗೆಲುವು. ಜನರ ನಂಬಿಕೆನ ನಾವು ಮುರಿಯೋಕಾಗಲ್ಲ, ನಾವು ಹೋರಾಡ್ತಿರೋದೇ ಜನ ಅವರ ರೀತಿಲಿ ಬದುಕಲಿ ಅಂತ."

"ಸಾ, ಪರ್ಮಿಟ್ಟು ಬೇಡ್ಕೊಂಡು ಬಾಳೋದು ಬ್ಯಾಡ ಅಂತ ನೀವೇ ಅಲ್ವಾ ಏಳಿದ್ದು. ನಮ್ಮನೆಯೋರು ಆ ಮಾತು ಒತ್ಕೊಂಡು ಸೈಕಲ್ ತುಳಿದು ತುಳಿದು ಎದೆನೋವು ತಂದ್ಕೊಂಡ್ರು. ಈಗ ಗೆದ್ದು ಏನ್ ತಂದ್ರಿ? ಪರ್ಮಿಟ್ಟು. ಬರ್ಕೊಡೋರು ಯಾರು? ನಮ್ಮ ಭಾವ. ನಿನ್ನೆ ಮಡ್ಲಕ್ಕಿಗೆ ಯಾರ ಅಪ್ಪಣೆನೂ ಬೇಕಾಗಿರ್ಲಿಲ್ಲ. ಗೇಟಲ್ಲಿ ಕಿತ್ಕೊಂಡ್ರೆ ಅದು ಕಳ್ತನ ಅಂತಿದ್ವಿ. ಇವತ್ತಿಂದ ಅದಕ್ಕೆ ಅಪ್ಪಣೆ ಬೇಕು ಅಂತ ನಾವೇ ಒಪ್ಕೊಂಡ್ವಿ."

ರಂಗಸ್ವಾಮಿ ಕೈಯಲ್ಲಿದ್ದ ಕಾಗದವನ್ನು ಮಡಿಸಿ ಜೇಬಿಗಿಟ್ಟರು. ಆ ಮನುಷ್ಯನಿಗೆ ನಾಚಿಕೆ ಇತ್ತು, ಅದಷ್ಟನ್ನು ಹೇಳಲೇಬೇಕು.

"ಮನೆ ಮಾತು ಮನೇಲಿ ಆಡಾನ" ಅಂದ ಕೆಂಪಣ್ಣ. "ಜನ ನೋಡ್ತಾವ್ರೆ."

"ನೋಡ್ಲಿ. ನೋಡ್ಲಿ ಅಂತಾನೆ ಕರ್ಕೊಂಡ್ ಬಂದೆ."

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಯಲಕ್ಷ್ಮಮ್ಮನ ಕಾಲ ಬಳಿ ಇದ್ದ ಕುಕ್ಕೆಯನ್ನು ಎತ್ತಿಕೊಂಡು ಮಗಳ ಮುಂದೆ ನಿಂತಳು.

"ಸೆರಗು ಒಡ್ಡು ಪ್ರೇಮ."

ಹೆಂಗಸರ ಸಾಲು ಅವರಿಬ್ಬರ ಕಡೆ ತಿರುಗಿತು. ಪ್ರೇಮಳ ಮುಖ ಬಿಳಚಿಕೊಂಡಿತು. ಅವಳ ಕಣ್ಣು ದೊಡ್ಡಮ್ಮನ ಕಡೆ ಹೋಯಿತು, ಹೊಳೆಯಾಚೆ ದಡದಲ್ಲಿ ಕಾದು ನಿಂತಿದ್ದ ಗಂಡನ ಕಡೆ ಹೋಯಿತು. ಈ ಕೈಯಿಂದ ತುಂಬಿಸಿಕೊಂಡು ಹೋದರೆ ಅತ್ತೆ ಏನು ಮಾಡಬಹುದು ಅಂತ ಅವಳಿಗೂ ಗೊತ್ತಿತ್ತು, ತಾಯಿಗೂ ಗೊತ್ತಿತ್ತು.

"ಅವ್ವ, ಅವರು ಮತ್ತೆ ಕಳಿಸ್ಬುಟ್ರೆ?"

"ಕಳಿಸಿದ್ರೆ ನಾನಿವ್ನಿ. ನನ್ ಗದ್ದೆ ಐತೆ. ಬ್ಯಾಡ ಅನ್ಸಿದ್ರೆ ಬ್ಯಾಡ ಅನ್ನು, ಬಲವಂತ ಮಾಡಾಕಿಲ್ಲ. ನಿನ್ ಮಡ್ಲು, ನಿನ್ನಿಷ್ಟ."

ಪ್ರೇಮ ಇನ್ನೊಮ್ಮೆ ಹೊಳೆಯಾಚೆ ನೋಡಿದಳು. ಆಮೇಲೆ ಸೆರಗನ್ನು ಎರಡು ಕೈಯಲ್ಲಿ ಅಗಲ ಮಾಡಿ ಒಡ್ಡಿದಳು.

ಪುಟ್ಟತಾಯಮ್ಮ ಬೊಗಸೆ ಬೊಗಸೆಯಾಗಿ ಹಾಕಿದಳು. ಬೆಲ್ಲ ಇಟ್ಟಳು, ಕೊಬ್ಬರಿ ಇಟ್ಟಳು, ಗಂಟು ಬಿಗಿದಳು. ತಟ್ಟೆಯ ಕುಂಕುಮ ಮುಟ್ಟಲಿಲ್ಲ. ಮೊಮ್ಮಗನನ್ನು ಎತ್ತಿಕೊಂಡು ಹಿಂದೆಯೇ ಬಂದಿದ್ದ ಸಣ್ಣಕ್ಕನ ಕೈಯಿಂದ ಅವನನ್ನು ತೆಗೆದು ಹೆಗಲಿಗೆ ಹಾಕಿಕೊಂಡು, ಮಗಳ ಮುಂದೆ ಮುಂದೆ ಗಳದ ಕಡೆ ನಡೆದಳು.

ಕೆಂಪಣ್ಣ ಎದ್ದು ನಿಂತ. ಶೇಕ್ದಾರರು ಅವನನ್ನೇ ನೋಡುತ್ತಿದ್ದರು. ಒಬ್ಬಳನ್ನು ಚೀಟಿ ಇಲ್ಲದೆ ಬಿಟ್ಟರೆ ಕೊಟ್ಟ ವಿನಾಯಿತಿಯೂ ಹೋಯಿತು ಅನ್ನುವುದು ಅವರ ಮುಖದಲ್ಲಿತ್ತು.

"ರುದ್ರಯ್ಯ, ಚೀಟಿ ಇಲ್ದೆ ಬಿಡಬ್ಯಾಡ ಕಣಯ್ಯ" ಅಂದ ಕೆಂಪಣ್ಣ.

ರೈತ ಸ್ವಾತಂತ್ರ್ಯ ಸಂಘದ ಅಧ್ಯಕ್ಷನ ಬಾಯಲ್ಲಿ ಆ ಮಾತು ಬಂದದ್ದನ್ನು ಅಲ್ಲಿದ್ದ ಪ್ರತಿಯೊಬ್ಬರೂ ಕೇಳಿದರು. ರುದ್ರಯ್ಯನೇ ಒಂದು ಗಳಿಗೆ ತಬ್ಬಿಬ್ಬಾದ. ಗಳದ ಮೇಲೆ ಕೈ ಇಟ್ಟು, "ಅಮ್ಮಾವ್ರೆ, ನಾನ್ ಬರ್ಕೋಬೇಕಾಯ್ತದೆ" ಅಂದ.

"ಬರ್ಕೊ. ಎಸ್ರು ಸರ್ಯಾಗಿ ಬರ್ಕೊ. ಪುಟ್ಟತಾಯಮ್ಮ ಅಂತ. ಅವ್ರೆಸ್ರು ಇವ್ರೆಸ್ರು ಬರ್ಕೋಬ್ಯಾಡ."

ಮಗುವಿನ ತಲೆಗೆ ಕೈ ಅಡ್ಡ ಹಿಡಿದು, ಬಗ್ಗಿ, ಗಳದ ಕೆಳಗೆ ನುಸುಳಿದಳು. ಪ್ರೇಮಳೂ ಬಗ್ಗಿದಳು, ಮಡಿಲನ್ನು ಎದೆಗೊತ್ತಿಕೊಂಡು. ಇಬ್ಬರೂ ನೀರಿಗಿಳಿದರು. ಹಿಂದಿನಿಂದ ಯಾರೂ ಬರಲಿಲ್ಲ. ಚೀಟಿಗೆ ನಿಂತಿದ್ದ ಸಾಲಿನಿಂದ ಒಬ್ಬಿಬ್ಬರು ಹೊರಗೆ ಬಂದರು, ಆದರೆ ಗಳ ದಾಟಲಿಲ್ಲ. ಉಳಿದವರು ನಿಂತೇ ಇದ್ದರು.

ಆಚೆ ಮನೆಯ ಹೊಸಿಲಲ್ಲಿ ಪ್ರೇಮಳ ಅತ್ತೆ, "ಯಾರು ತುಂಬಿದ್ದು?" ಅಂದಳು.

"ನಮ್ಮವ್ವ."

ಅತ್ತೆ ಬೀಗಿತಿಯ ಬರಿಯ ಹಣೆಯನ್ನು ನೋಡಿದಳು, ಒದ್ದೆ ಸೀರೆಯನ್ನು ನೋಡಿದಳು. ಒಳಗೆ ಬಾ ಅಂತ ಬಾಯಲ್ಲಿ ಅನ್ನಲಿಲ್ಲ, ದಾರಿ ಬಿಟ್ಟಳು. ಅಕ್ಕಿಯನ್ನು ದೇವರ ಮುಂದೆ ಬಿಚ್ಚಿಸಲಿಲ್ಲ. ಅಡಿಗೆಮನೆಯ ಮಡಕೆಗೆ ಸುರಿಸಿಕೊಂಡು ಅವತ್ತೇ ಬೇಯಿಸಿದಳು. ಎಲ್ಲರೂ ಉಂಡರು. ಪುಟ್ಟತಾಯಮ್ಮನಿಗೆ ಅದು ಸಾಕಾಗಲಿಲ್ಲ. ಆದರೆ ಮಗಳು ಒಳಗಿದ್ದಳು.

ಚೀಟಿ ಇಲ್ಲದೆ ಅಕ್ಕಿ ದಾಟಿಸಿದ ಕೇಸು ಅರಕಲಗೂಡು ಕೋರ್ಟಿಗೆ ಬಂದದ್ದು ಮಳೆ ಶುರುವಾದ ಮೇಲೆ. ರಂಗಸ್ವಾಮಿ ಯಾರೂ ಕರೆಯದೆ ತಾವೇ ಹಾಸನದಿಂದ ಬಂದರು. ವರಾಂಡದಲ್ಲಿ ಪಕ್ಕಕ್ಕೆ ಕರೆದು ಹೇಳಿದರು. "ಆವತ್ತಿನ ಚೀಟಿ ಇದೆ. ತುಂಬಿದ್ದು ಜಯಲಕ್ಷ್ಮಮ್ಮನೋರು ಅಂತ ಒಂದು ಮಾತು ಹೇಳಿ. ಕೇಸು ಇಲ್ಲಿಗೇ ಮುಗಿಯುತ್ತೆ. ಕೆಂಪಣ್ಣನೋರೂ ಒಪ್ಪಿದ್ದಾರೆ."

"ಒಪ್ದೆ ಇರ್ತಾರಾ? ಬರೆದಿರೋದೇ ಅವರು."

ಒಳಗೆ ಮ್ಯಾಜಿಸ್ಟ್ರೇಟರು ಯುವಕರು, ಕೆಟ್ಟವರಲ್ಲ. ಕೆಂಪಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದ.

"ಅಕ್ಕಿ ಯಾರದಮ್ಮ?"

"ನಂದು."

"ಯಜಮಾನರ ಹೆಸರು?"

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅವಳಿಗಿರಲಿಲ್ಲ. "ತೀರ್ಕೊಂಡವ್ರೆ" ಅಂದಳು.

ಮ್ಯಾಜಿಸ್ಟ್ರೇಟರು ಕಾಗದದಿಂದ ತಲೆಯೆತ್ತಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಹಾಗಾದರೆ ಮಡಿಲಿಗೆ ನೀವು ಹೇಗೆ ಹಾಕಿದಿರಿ?"

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ರಂಗಸ್ವಾಮಿ ಕಣ್ಣಲ್ಲೇ ಬೇಡಿಕೊಂಡರು.

ಪುಟ್ಟತಾಯಮ್ಮ ನಾಟಿ ಕೆಲಸದ ಕೆಸರು ಉಗುರಲ್ಲಿ ಇನ್ನೂ ಉಳಿದಿದ್ದ ಎರಡು ಕೈಯನ್ನೂ ಕಟಕಟೆಯಿಂದಾಚೆಗೆ ಚಾಚಿ ತೋರಿಸಿದಳು.

"ಇವುಗಳಲ್ಲಿ ಸ್ವಾಮಿ" ಅಂದಳು.

ಗುಮಾಸ್ತ ಬರೆದುಕೊಂಡ. ಕೆಂಪಣ್ಣ ಎದ್ದು ಹೊರಗೆ ಹೋದ.