ಬಟ್ಟಲು ತೊಳೆದವರು

ದೇಶದ ಸಂಸತ್ತಿನ ಮಾನ ಉಳಿಯುವುದೋ ಹೋಗುವುದೋ ಎಂಬ ಗಂಭೀರ ಪ್ರಶ್ನೆ ಆ ವಾರ ಜಪಾನಿನ ಕುರೊಹಾಮಾ ಊರಿನ ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಳೆದ ಫೆಬ್ರವರಿಯ ಒಂದು ಸಂಜೆ, ನೀಲಿ ಮೆತ್ತೆಯ ಮೇಲೆ ಮಂಡಿಯೂರಿ ಕೂತಿದ್ದವರು ಯಾರು ಎಂಬುದರ ಮೇಲೆ ನಿಂತಿತ್ತು. ಮೆತ್ತೆಗೆ ತನ್ನ ಮಹತ್ವ ಗೊತ್ತಿರಲಿಲ್ಲ. ಅದರ ಮೇಲೆ ಈಗ ಹೊಝುಮಿ ಕೂತಿದ್ದ.

ಹೊಝುಮಿ ಬಂದರಿನ ಹತ್ತಿರದ ಮದ್ಯದಂಗಡಿಯವನು. ಸಂಸದ ಮಿಕುರಿಯಾ ಅವರ ಬೆಂಬಲಿಗರ ಸಂಘಕ್ಕೆ ಅಧ್ಯಕ್ಷ. ಈ ಲಾಂಡ್ರಿ ನಡೆಸುತ್ತಿದ್ದು ಆ ಫೆಬ್ರವರಿಯಲ್ಲಿ ತೀರಿಕೊಂಡ ತೆತ್ಸುಜಿಯ ಶಾಲೆಯ ಕಾಲದ ಗೆಳೆಯ. ಗೆಳೆತನದ ಸಲುಗೆಯಲ್ಲಿ ತೆತ್ಸುಜಿಯ ಹೆಂಡತಿ ಹಿಸಾನೊಳನ್ನು ಅತ್ತಿಗೆ ಎನ್ನುತ್ತಿದ್ದ, ಈಗ ಬಂದಿದ್ದು ಮಾತ್ರ ಅಧ್ಯಕ್ಷಗಿರಿಯ ಕೆಲಸದ ಮೇಲೆ. ಅವನ ಹಿಂದೆ, ಮೆತ್ತೆ ಬೇಡವೆಂದು ಬರಿ ಚಾಪೆಯ ಮೇಲೆ, ಮಿಕುರಿಯಾ ಅವರ ಊರಿನ ಕಾರ್ಯದರ್ಶಿ ಸೊನೆದಾ ತಲೆತಗ್ಗಿಸಿ ಕೂತಿದ್ದರು.

"ಅತ್ಗೆ, ಕೇಳ್ಕೋತಿರೋದು ಒಂದೇ ಮಾತು," ಎಂದ ಹೊಝುಮಿ. "ಟೋಕಿಯೋದಿಂದ ಒಬ್ಳು ಬಂದಿದಾಳೆ, ವಾರಪತ್ರಿಕೆಯೋಳು. ನಾಳೆ ಇಲ್ಲಿಗೆ ಬರ್ತಾಳೆ. ತೆತ್ಸುಜಿ ಹೋದಾಗ ಸಾಹೇಬ್ರು ಬಂದಿದ್ರಾ ಅಂತ ಕೇಳ್ತಾಳೆ. ಬಂದಿದ್ರು ಅಂದ್ಬಿಡು. ಮುಗೀತು."

"ಬಂದಿರ್ಲಿಲ್ವಲ್ಲ."

"ಬಂದಿರ್ಲಿಲ್ಲ. ಅದು ನಂಗೂ ಗೊತ್ತು, ಸಾಹೇಬ್ರಿಗೂ ಗೊತ್ತು. ಗೊತ್ತಿಲ್ದೇ ಇರೋದು ಅವಳೊಬ್ಳಿಗೆ."

ಸಾವಿನ ಮನೆಗೆ ಲಕೋಟೆಯಲ್ಲಿ ಹಣ ಒಯ್ಯುವುದು ಎಲ್ಲರೂ ಮಾಡುವುದೇ. ಲಕೋಟೆಯ ಮೇಲೆ ಹೆಸರನ್ನು ತೆಳುಮಸಿಯಲ್ಲಿ ಬರೆಯುತ್ತಾರೆ. ಬರೆಯುವಾಗ ಕಣ್ಣೀರು ಬಿದ್ದು ಮಸಿ ನೀರಾಯಿತು ಎಂದು ಅರ್ಥ. ಈಗ ಅಂಗಡಿಯಲ್ಲಿ ತೆಳುಮಸಿಯ ಪೆನ್ನೇ ಸಿಗುತ್ತದೆ. ಸೊನೆದಾ ಡಜನ್‌ಗಟ್ಟಲೆ ತರುತ್ತಿದ್ದರು. ಆದರೆ ಸಂಸದರ ವಿಷಯದಲ್ಲಿ ಕಾನೂನು ಒಂದು ಸೂಕ್ಷ್ಮ ಗೆರೆ ಎಳೆದಿದೆ. ಸಂಸದರು ತಾವೇ ಬಂದು ಕೈಯಾರೆ ಕೊಟ್ಟರೆ ಅದು ದುಃಖ. ಕಾರ್ಯದರ್ಶಿಯ ಕೈಲಿ ಕಳಿಸಿದರೆ ಮತಕ್ಕೆ ಕೊಟ್ಟ ಲಂಚ. ಮಿಕುರಿಯಾ ಅವರ ಕಚೇರಿ ಖರ್ಚಿನಲ್ಲಿ ದುಃಖದ ಬಾಬ್ತು ಬಹಳ ಬೆಳೆದಿದೆಯೆಂದು ವಾರಪತ್ರಿಕೆ ಬರೆದಿತ್ತು. ಎಲ್ಲ ಕಡೆಗೂ ನಾನೇ ಹೋಗಿದ್ದೆ ಎಂದು ಮಿಕುರಿಯಾ ಸದನದಲ್ಲಿ ಎದ್ದುನಿಂತು ಹೇಳಿದ್ದರು. ಅವರು ಹೇಳುತ್ತಿದ್ದಾಗ ಕುರೊಹಾಮಾದ ಜನ ಟೀವಿ ನೋಡುತ್ತ ಊಟ ಮಾಡುತ್ತಿದ್ದರು. ಯಾರೂ ಚಾಪ್‌ಸ್ಟಿಕ್ ಕೆಳಗಿಡಲಿಲ್ಲ.

"ಉಳಿದ ಮನೆಯೋರೆಲ್ಲ ಹೇಳಾಯ್ತು," ಎಂದ ಹೊಝುಮಿ. "ಮೀನಿನಂಗಡಿ ಮುದುಕಿ, ಸಾಹೇಬ್ರು ಅತ್ತೇಬಿಟ್ರು ಅಂದ್ಳಂತೆ. ಅಷ್ಟೆಲ್ಲ ಯಾಕೆ ಬೇಕಿತ್ತು ಅಂತ ನಾನೇ ಬೈದೆ."

"ಹೇಳ್ದೇ ಇದ್ರೆ?"

ಹೊಝುಮಿ ಹಿಂದಕ್ಕೆ ನೋಡಿದ. ಸೊನೆದಾ ತಲೆಯೆತ್ತಲಿಲ್ಲ. ನಾಳೆಯ ಹವಾಮಾನ ಓದುವವರಂತೆ ಹೇಳಿದರು: "ಹೇಳ್ದೇ ಇದ್ರೆ, ಸಾಹೇಬ್ರಿಗೆ ತಿಳಿಸ್ದೆ ನಾನೇ ತಂದು ಕೊಟ್ಟೆ ಅಂತ ಆಗುತ್ತೆ, ಅಮ್ಮ."

"ಹಾಗಂತ ಯಾರು ಹೇಳ್ತಾರೆ?"

"ನಾನೇ. ಏನು ಹೇಳ್ಬೇಕು ಅಂತ ಟೋಕಿಯೋ ಕಚೇರಿಯಿಂದ ಬಂದಿದೆ."

"ಆಮೇಲೆ?"

"ಪೊಲೀಸು, ಕೋರ್ಟು. ಕೆಲ್ಸ ಹೋಗುತ್ತೆ. ಈ ವಯಸ್ಸಲ್ಲಿ ಇನ್ನೆಲ್ಲೂ ತಗೊಳಲ್ಲ." "ನಿಮಗೆ ತೊಂದ್ರೆ ಕೊಡ್ತಿದೀನಿ," ಎಂದು ಹಣೆ ಚಾಪೆಗೆ ತಾಗುವಂತೆ ಬಾಗಿದರು.

ಅವರ ಕಪ್ಪು ಸೂಟು ತಿಂಗಳಿಗೊಮ್ಮೆ ಇದೇ ಲಾಂಡ್ರಿಗೆ ಬರುತ್ತಿತ್ತು. ಊದುಬತ್ತಿಯ ವಾಸನೆ, ಮಂಡಿಯ ಕಡೆ ಸವೆದು ಬಂದ ಮಿರುಗು. ಈ ಮಿರುಗಿಗೆ ಮದ್ದಿಲ್ಲ, ಮನುಷ್ಯ ಕೂರೋದು ನಿಲ್ಲಿಸ್ಬೇಕು ಅಷ್ಟೆ ಎಂದು ತೆತ್ಸುಜಿ ಹೇಳುತ್ತಿದ್ದ.

ತೆತ್ಸುಜಿ ಇಸ್ತ್ರಿ ಮೇಜಿನ ಮುಂದೆಯೇ ಕುಸಿದವನು. ಅಂದಿನಿಂದ ಹಿಸಾನೊ ಅತ್ತಿರಲಿಲ್ಲ. ಅಳಬಾರದೆಂದೇನೂ ಇರಲಿಲ್ಲ, ಬರಲಿಲ್ಲ. ಕೈ ಮರಗಟ್ಟಿದಾಗ ಬಿಸಿಯೂ ತಂಪೂ ಒಂದೇ ಆಗುವಂತೆ ಎಲ್ಲ ಒಂದೇ ಆಗಿತ್ತು. ಸಾವಿನ ಸಂಜೆ ಬಂದವರೆಲ್ಲ ಅವಳನ್ನು ಏನೇನೋ ಕೇಳಿದ್ದರು. ಇನ್ನು ಒಬ್ಬಳೇ ಹೇಗಿರ್ತೀಯ, ಅಂಗಡಿ ಏನು ಮಾಡ್ತೀಯ, ಮುಂಚೆ ಏನೂ ಸೂಚನೆ ಇರ್ಲಿಲ್ವಾ. ಆಮೇಲೆ ಎಲ್ಲರೂ ಮಹಡಿಗೆ ಊಟಕ್ಕೆ ಹೋದರು. ಸೊನೆದಾ ಲಕೋಟೆ ಕೊಟ್ಟು, ಅವಳ ಬಲವಂತಕ್ಕೆ ನೀಲಿ ಮೆತ್ತೆಯ ಮೇಲೆ ಎರಡು ನಿಮಿಷ ಕೂತು ಎದ್ದರು. ಹೊರಟರೆಂದುಕೊಂಡಳು. ಅಡುಗೆಮನೆಯಲ್ಲಿ ನೀರಿನ ಸದ್ದು ಕೇಳಿಸಿತು. ಹೋಗಿ ನೋಡಿದರೆ, ಕೋಟು ಮೊಳೆಗೆ ನೇತುಹಾಕಿ, ತೋಳು ಮಡಚಿ, ರಾಶಿಬಿದ್ದ ಚಹಾ ಬಟ್ಟಲುಗಳನ್ನು ತೊಳೆಯುತ್ತಿದ್ದರು. ಏನೂ ಮಾತಾಡಲಿಲ್ಲ. ಎಲ್ಲವನ್ನೂ ಒರೆಸಿ ಆದಮೇಲೆ ತಿರುಗಿ, "ಇವು ಯಾವ ಕಪಾಟಿಗೆ?" ಎಂದರು. ಆ ದಿನ ಅವಳಿಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ.

"ಹಾಗಾದ್ರೆ ನೀವು ಬಂದಿರ್ಲಿಲ್ಲ," ಎಂದಳು ಹಿಸಾನೊ ಈಗ.

"ನಾನು ಬಂದಿರ್ಲಿಲ್ಲ."

"ಸಾಹೇಬ್ರು ಎಲ್ಲಿ ಕೂತಿದ್ರು?"

ಸೊನೆದಾ ಹೊಝುಮಿಯ ಕೆಳಗಿದ್ದ ಮೆತ್ತೆಯ ಕಡೆ ಕಣ್ಣು ಹಾಯಿಸಿದರು. ಹೊಝುಮಿ ತಾನೇ ಯಾರದೋ ಜಾಗದಲ್ಲಿ ಕೂತಂತೆ ಕೊಂಚ ಸರಿದ.

"ಅಲ್ಲಿ," ಎಂದರು ಸೊನೆದಾ.

ಮಾರನೆಯ ದಿನ ಬಂದ ವರದಿಗಾರ್ತಿಯ ಹೆಸರು ನಾಗುರಾ. ವಸಂತದ ಹೂದೂಳಿಗೆ ಮೂಗು ಕೆಂಪಾಗಿತ್ತು. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು. ಅದನ್ನು ಇನ್ನೊಂದು ಪಾದದಡಿ ಅಡಗಿಸಿ ಕೂತಳು. ಊರಿನ ಮನೆಮನೆಯಲ್ಲೂ ಒಂದೇ ವಾಕ್ಯ ಕೇಳಿ ಬಂದವಳಾದ್ದರಿಂದ ಆ ವಾಕ್ಯವನ್ನು ತಾನೇ ಮುಗಿಸಿಬಿಡುವ ಆತುರದಲ್ಲಿದ್ದಳು.

"ಸಂಸದರು ಖುದ್ದಾಗಿ ಬಂದಿದ್ರು, ಅಲ್ವಾ ಅಮ್ಮ?"

"ಬಂದಿದ್ರು."

"ಕೂತ್ಕೊಂಡ್ರು, ಕೈಮುಗಿದ್ರು."

"ಹೂಂ."

"ಏನಂದ್ರು?"

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಿಸಾನೊಗೆ ಸುಳ್ಳು ಹೆಣೆಯುವ ಅಭ್ಯಾಸವಿರಲಿಲ್ಲ. ಬಂದವರು ಏನೆಂದರು ಎಂದು ನೆನಪು ಮಾಡಿಕೊಂಡಳು.

"ಏನೂ ಅನ್ಲಿಲ್ಲ."

"ರಾಜಕಾರಣಿ ಬಂದು ಏನೂ ಅನ್ಲಿಲ್ವಾ?" ನಾಗುರಾ ನಕ್ಕು ಸೀನಿದಳು. "ಮತ್ತೆ ಏನ್ಮಾಡಿದ್ರು?"

"ಬಟ್ಟಲು ತೊಳೆದ್ರು."

"ಯಾರು?"

"ಬಂದೋರು. ಎಲ್ರೂ ಮೇಲೆ ಊಟಕ್ಕೆ ಹೋಗಿದ್ರು. ಕೋಟು ಆ ಮೊಳೆಗೆ ಹಾಕಿ, ಅಷ್ಟೂ ಬಟ್ಟಲು ತೊಳೆದು ಒರೆಸಿದ್ರು. ಇವು ಯಾವ ಕಪಾಟಿಗೆ ಅಂತ ಕೇಳಿದ್ರು. ನಾನು ತೋರಿಸ್ದೆ. ಇಟ್ಟು ಹೋದ್ರು."

ನಾಗುರಾ ಎದ್ದು ಹೋಗಿ ಮೊಳೆ ನೋಡಿದಳು. ಕಪಾಟು ನೋಡಿದಳು. ಬಂದು ಕೂತಾಗ ಕಾಲುಚೀಲದ ತೂತು ಮರೆತಿದ್ದಳು.

"ಸಂಸದರು. ಮಿಕುರಿಯಾ ಅವರೇ ತಾನೇ?"

ಮುಂದಿನ ಕೋಣೆಯಲ್ಲಿ ಇಸ್ತ್ರಿ ಉಗಿ ಬಿಡುತ್ತಿತ್ತು. "ಹೂಂ," ಎಂದಳು ಹಿಸಾನೊ.

"ಇದನ್ನ ಯಾರೂ ಹೇಳಿಕೊಟ್ಟಿರೋಕೆ ಸಾಧ್ಯವಿಲ್ಲ," ಎಂದಳು ನಾಗುರಾ, ಅರ್ಧ ತನಗೇ. ಅವಳ ದನಿಯಲ್ಲಿ ನಿರಾಸೆಯಿತ್ತು. ನಿಜದ ಮಾತಿಗೊಂದು ದನಿಯಿರುತ್ತದೆಂದು ಅವಳು ನಂಬಿದ್ದಳು. ಆ ದನಿಯನ್ನು ಈಗಷ್ಟೇ ಕೇಳಿದ್ದಳು. ಅವಳ ಕಿವಿಯಲ್ಲಿ ದೋಷವಿರಲಿಲ್ಲ.

ವಾರಪತ್ರಿಕೆ ಬೇರೆ ಎಲ್ಲವನ್ನೂ ಕೈಬಿಟ್ಟು ಅಷ್ಟನ್ನೇ ಹಾಕಿತು. ಟೀವಿಯವರು ಎತ್ತಿಕೊಂಡರು. ಸಮಿತಿಯ ಕಲಾಪದಲ್ಲಿ ವಿರೋಧ ಪಕ್ಷದವರು, ಇದು ನಿಜವೇ ಎಂದು ಕೇಳಿದರು. ಮಿಕುರಿಯಾ ಎದ್ದು, ಒಂದು ಗುಟುಕು ನೀರು ಕುಡಿದು, ಇಂಥ ಚಿಕ್ಕ ವಿಷಯಗಳನ್ನು ಹೊರಗೆ ಹೇಳಿಕೊಳ್ಳುವ ಅಭ್ಯಾಸ ತಮಗಿಲ್ಲವೆಂದೂ, ಸಾವಿನ ಮನೆಯ ಬಟ್ಟಲು ತೊಳೆಯದೆ ಬರಬೇಡವೆಂದು ತಾಯಿ ಕಲಿಸಿದ್ದರೆಂದೂ ತಗ್ಗಿದ ದನಿಯಲ್ಲಿ ಹೇಳಿದರು. ಪ್ರಶ್ನೆ ಕೇಳಿದವರು ಕೂತರು. ಆ ತಿಂಗಳ ಸಮೀಕ್ಷೆಯಲ್ಲಿ ಸಂಸತ್ತಿನ ಮೇಲೆ ಜನರ ನಂಬಿಕೆ ತುಸು ಏರಿದೆಯೆಂದು ಬಂತು. ಕಾರಣ ಸ್ಪಷ್ಟವಿಲ್ಲವೆಂದು ಪ್ರಾಧ್ಯಾಪಕರೊಬ್ಬರು ಹೇಳಿದರು.

ಹೊಝುಮಿ ಒಂದು ಬಾಟಲಿ ಒಳ್ಳೆಯ ಸಾಕೆ ಮದ್ಯ ತಂದು ಅಂಗಡಿಯಲ್ಲಿಟ್ಟ. "ಅತ್ಗೆ, ನೀನು ಚುನಾವಣೆಗೆ ನಿಂತ್ಕೋ. ಸುಳ್ಳು ಹೇಳು ಅಂದ್ರೆ ದೇವ್ರನ್ನೇ ಮಾಡಿ ಕೂರಿಸ್ಬಿಟ್ಯಲ್ಲ!"

"ನಾನು ಸುಳ್ಳು ಹೇಳಿದ್ದು ಒಂದೇ," ಎಂದಳು ಹಿಸಾನೊ.

"ಅದೇ ಮತ್ತೆ. ಒಂದೇ ಏಟು!"

ಮೇ ತಿಂಗಳಲ್ಲಿ ಮಿಕುರಿಯಾ ಕೃತಜ್ಞತೆ ಹೇಳಲು ಲಾಂಡ್ರಿಗೆ ಬಂದರು. ಫೋಟೋದವರು ಮೊದಲು ಬಂದಿದ್ದರು. ದೇವರ ಗೂಡಿನಲ್ಲಿ ತೆತ್ಸುಜಿಯದೂ ಅವನ ತಂದೆಯದೂ ಪಟಗಳಿದ್ದವು. ಯಾವುದು ಯಾರದೆಂದು ತಿಳಿಯದ ಮಿಕುರಿಯಾ ಎರಡರ ನಡುವೆ ನೋಡಿ ಕೈಮುಗಿದರು. ಆಮೇಲೆ, "ಅಡುಗೆಮನೆ ಎಲ್ಲಿ ಬರುತ್ತೆ?" ಎಂದರು. ಫೋಟೋದವರಲ್ಲಿ ಒಬ್ಬ ತಲೆಯೆತ್ತಿದ. "ಅಂದ್ರೆ, ಆಗ ಕತ್ತಲೆಯಿತ್ತು ನೋಡಿ," ಎಂದರು ಮಿಕುರಿಯಾ. ಫೋಟೋದವನು ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟ.

ತೊಳೆಯಲು ಬಟ್ಟಲುಗಳಿರಲಿಲ್ಲ. ಒಂಟಿ ಹೆಂಗಸಿನ ಮನೆಯಲ್ಲಿ ಎಷ್ಟು ಬಟ್ಟಲು ಎಂಜಲಾಗುತ್ತವೆ? ಹಿಸಾನೊ ಕಪಾಟಿನಿಂದ ಒಂದಷ್ಟು ತೆಗೆದು ಕೊಟ್ಟಳು. ಮಿಕುರಿಯಾ ತೋಳು ಮಡಚಿ, ತೊಳೆದಿದ್ದ ಬಟ್ಟಲುಗಳನ್ನು ಮತ್ತೆ ತೊಳೆದರು. ಅವರ ಕೈಗಳು ದೊಡ್ಡವು, ಬೆಚ್ಚಗಿದ್ದವು. ಬೀಳ್ಕೊಡುವಾಗ ಅವಳ ಕೈಯನ್ನು ಎರಡರ ನಡುವೆ ಹಿಡಿದು, "ಆ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಅಮ್ಮ," ಎಂದರು. ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ.

ಸೊನೆದಾ ಹೊಸ್ತಿಲ ಹೊರಗೆ ಮಿಕುರಿಯಾ ಅವರ ಕೋಟು ಹಿಡಿದು ನಿಂತಿದ್ದರು. ಹಿಸಾನೊ ಅವರ ಕಡೆ ನೋಡಿದಳು. ಅವರು ಕೋಟಿನ ಕಾಲರಿನಿಂದ ಏನೋ ಒಂದು ಎಳೆಯನ್ನು ಬಹಳ ಹೊತ್ತು ತೆಗೆಯುತ್ತಿದ್ದರು.

ಆ ರಾತ್ರಿ ಹಿಸಾನೊ ಫೆಬ್ರವರಿಯ ಸಂಜೆಯನ್ನು ನೆನಪು ಮಾಡಿಕೊಳ್ಳಲು ನೋಡಿದಳು. ನೀರಿನ ಸದ್ದು ಬಂತು, ಮೊಳೆಗೆ ನೇತುಹಾಕಿದ ಕೋಟು ಬಂತು. ತಿರುಗಿ ನಿಂತವರ ಮುಖ ಮಿಕುರಿಯಾ ಅವರದಾಗಿತ್ತು. ಕಣ್ಣು ಬಿಟ್ಟು ಮತ್ತೆ ಮುಚ್ಚಿದಳು. ಹಾಗೇ ಇತ್ತು. ಹಾಸಿಗೆ ಹಾಸಿ ಮಲಗಿದಳು.

ಜುಲೈ ಚುನಾವಣೆಯಲ್ಲಿ ಮಿಕುರಿಯಾ ಹಿಂದಿನದಕ್ಕಿಂತ ಹೆಚ್ಚು ಮತಗಳಿಂದ ಗೆದ್ದರು. ಇನ್ನು ಮುಂದೆ ಸಾವಿನ ಮನೆಗಳಿಗೆ ತಾವೊಬ್ಬರೇ ಹೋಗುವುದೆಂದು ಅವರು ಮಾತು ಕೊಟ್ಟಿದ್ದರಿಂದ ಊರಿನ ಕಾರ್ಯದರ್ಶಿಗೆ ಕೆಲಸ ಉಳಿಯಲಿಲ್ಲ. ಖರ್ಚು ಕಡಿಮೆ ಮಾಡುವ ಸಲುವಾಗಿ ಆ ಹುದ್ದೆಯನ್ನು ಆಗಸ್ಟಿನಲ್ಲಿ ತೆಗೆದುಹಾಕಲಾಯಿತು.