ಗುಂಡಿಗೂ ಕೊಸರು

ಒಲೆ ಒಡೆದವಳು ನಾನೇ. ಇಪ್ಪತ್ತು ವರ್ಷ ನನ್ನ ಕಣ್ಣಿಗೆ ಹೊಗೆ ತುಂಬಿದ ಒಲೆ ಅದು. ಗೋಬರ್ ಗ್ಯಾಸಿನ ಗುಂಡಿ ಕಟ್ಟಿ ಮುಗಿದ ದಿನವೇ ಹಾರೆ ತಂದು ಪುಡಿಪುಡಿ ಮಾಡಿ ತಿಪ್ಪೆಗೆ ಹಾಕಿದೆ. ಹೊಸ ಒಲೆ ಹತ್ತುತ್ತದೋ ಇಲ್ಲವೋ ನೋಡುವಷ್ಟು ತಾಳ್ಮೆ ನನಗೆಲ್ಲಿಯದು!

ಹತ್ತಲಿಲ್ಲ. ಹದಿನೈದು ದಿನ ಕಾದರೂ ಬಂದದ್ದು ಬರೀ ನಾರುವ ಗಾಳಿ. ಕಡ್ಡಿ ಗೀರಿದರೆ ಕಡ್ಡಿಯೇ ಆರುತ್ತಿತ್ತು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕೆಮ್ಮುತ್ತ ರೊಟ್ಟಿ ಬೇಯಿಸುವ ನನ್ನ ಪಾಡು ನೋಡಲು ಜಕ್ಕಲಿಯ ಅರ್ಧ ಓಣಿ ಬಂದು ಹೋಯಿತು. ಅತ್ತೆ ರಮಜಾನಬಿ ಗೋಡೆಗೆ ಒರಗಿ ಕೂತು ತೀರ್ಪು ಕೊಟ್ಟರು.

"ಶುಕ್ರವಾರದ ತನಕಾ ನೋಡ್ತೀನಿ. ಹತ್ತಲಿಲ್ಲಂದ್ರ ಗುಂಡಿ ಮುಚ್ಚಿ, ನನ್ನ ಒಲಿ ನನಗ ಕಟ್ಟಿಕೊಡಬೇಕು."

ಗುಂಡಿ ಕಟ್ಟಿದ ಗಜೇಂದ್ರಗಡದ ಮೇಸ್ತ್ರಿ ರಾಯಣ್ಣನಿಗೆ ಫೋನಿನಲ್ಲೇ ಬೈದೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ," ಎಂದ. "ನಿಮ್ಮದು ಗಾಣದ ಮನಿ. ಬೂಸು ಹಿಡಿದ ಶೇಂಗಾ ಹಿಂಡಿ ಬಿದ್ದಿರ್ತೈತಲ್ಲ, ನೆನಸಿ ಸಗಣಿ ಜೋಡಿ ಹಾಕ್ರಿ. ಆದ್ರ ದಿನಕ್ಕ ಒಂದಽ ಬೋಗಾಣಿ. ಹೆಚ್ಚಾದ್ರ ಉಕ್ಕತೈತಿ ಮತ್ತ!"

ಪಕ್ಕದ ಮನೆಯ ಚನ್ನವ್ವಕ್ಕ ತನ್ನ ನಾಲ್ಕು ಎಮ್ಮೆಗಳ ಸಗಣಿ ತಂದು ಸುರಿದಳು. ನಾನು ದಿನಕ್ಕೆ ಒಂದೇ ಬೋಗಾಣಿ ಹಿಂಡಿ ಹಾಕಿದೆ, ಆಣೆಗೂ ಒಂದೇ. ಆದರೆ ನಮ್ಮ ಗಾಣದಲ್ಲಿ ಎಣ್ಣೆ ಅಳೆದರೂ ಹಿಂಡಿ ತೂಗಿದರೂ ಮೇಲೊಂದಿಷ್ಟು ಕೊಸರು ಹಾಕದೆ ಗಿರಾಕಿಯನ್ನು ಕಳಿಸುವ ಪದ್ಧತಿಯಿಲ್ಲ. ಆ ಹಾಳು ಪದ್ಧತಿ ಗುಂಡಿಯ ತನಕ ಬರುತ್ತದೆಂದು ನನಗೇನು ಗೊತ್ತು?

ಶುಕ್ರವಾರ ಬೆಳಿಗ್ಗೆ ಚನ್ನವ್ವಕ್ಕ ಕಿರುಚಿದಳು.

"ಏ ನಜ್ಮಾ, ಲಗೂ ಬಾರವಾ! ನಿನ್ನ ಡ್ರಮ್ಮು ಎದ್ದು ಹೊಂಟೈತಿ!"

ಓಡಿದೆ. ಗುಂಡಿಯ ಮೇಲೆ ಗ್ಯಾಸು ಹಿಡಿಯುವ ಕಬ್ಬಿಣದ ಡ್ರಮ್ಮು ಎದೆಯೆತ್ತರ ಎದ್ದು, ತುಂಬಿದ ಬಸ್ಸಿನಂತೆ ಒಂದು ಕಡೆ ವಾಲಿತ್ತು. ಸುತ್ತಲೂ ಬುಸುಬುಸು ನೊರೆ. ನನ್ನ ಗಂಡ ಖಾದರ ಆ ಡ್ರಮ್ಮನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದರು. ನನ್ನನ್ನು ಹಾಗೆ ತಬ್ಬಿದ್ದು ನೆನಪಿಲ್ಲ!

ಫೋನು ಮಾಡಿದರೆ ರಾಯಣ್ಣ ಕೂಗಿದ, "ಅಡಗಿ ಮನ್ಯಾಗ ಒಲಿ ಹಚ್ರಿ! ಉರಸ್ಕೋಂತನಽ ಇರ್ರಿ! ಹಿಂಡಿ ಮುಟ್ಟಬ್ಯಾಡ್ರಿ!"

ಕಡ್ಡಿ ಗೀರಿದೆ. ಭಗ್ಗೆಂದು ನೀಲಿ ಉರಿ ಎದ್ದಿತು. ಯಾ ಅಲ್ಲಾ, ನಗು ಬಂತೋ ಅಳು ಬಂತೋ ನನಗೇ ತಿಳಿಯಲಿಲ್ಲ. ಚಹಾ ಆಯಿತು, ಅನ್ನ ಆಯಿತು, ಚನ್ನವ್ವಕ್ಕನ ಹಾಲೂ ಕಾಯಿತು. ಡ್ರಮ್ಮು ಇಳಿಯಲೊಲ್ಲದು! ಗಾಣದ ಮನೆಯಲ್ಲಿ ಎಣ್ಣೆಗೇನು ಬರ? ಬಾಣಲೆ ಇಟ್ಟು ಮಿರ್ಚಿ ಕರಿಯಲು ಕೂತೆ. ನೋಡಿ ನಗಲು ಬಂದಿದ್ದ ಓಣಿಯೇ ಈಗ ತಟ್ಟೆ ಹಿಡಿದು ನಿಂತಿತ್ತು.

ಮಧ್ಯಾಹ್ನಕ್ಕೆ ಡ್ರಮ್ಮು ಗೇಣುದ್ದ ಇಳಿದಾಗ ಗಂಡನನ್ನು ಹಿಡಿದೆ.

"ಖರೇ ಹೇಳ್ರಿ. ನೀವು ಎಷ್ಟು ಹಾಕೀರಿ?"

"ದಿನಾ ಒಂದಽ ಬೋಗಾಣಿ," ಎಂದರು ಮೆಲ್ಲಗೆ. "ಕೊಸರು."

ಚನ್ನವ್ವಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾನೂ ಒಂದು ಹಾಕೇನವಾ. ನಿನ್ನ ಕೆಮ್ಮು ಕೇಳಾಕ ಆಗಲಿಲ್ಲ."

ಬೈಯಲು ಬಾಯಿ ತೆರೆದವಳು ಅತ್ತೆಯ ಕಡೆ ತಿರುಗಿದೆ. ಅವರ ಬಳೆಗಳ ಸಂದಿನಲ್ಲಿ, ಮೊಳಕೈ ತನಕ, ಒಣಗಿದ ಹಿಂಡಿ ಮೆತ್ತಿಕೊಂಡಿತ್ತು.

"ಹಂಗ್ಯಾಕ ನೋಡ್ತಿ?" ಎಂದರು. "ನಿನಗಿಂತ ಮೊದಲು ಆ ಒಲಿ ಊದಿದಾಕಿ ನಾನು. ಒಡೀಬೇಕಂತ ನನಗೂ ಭಾಳ ಸಲ ಅನಿಸಿತ್ತು. ಹಾರಿ ಎತ್ತಾಕ ಧೈರ್ಯ ಆಗಲಿಲ್ಲ."

ಅವರು ತಟ್ಟೆ ಮುಂದೆ ಹಿಡಿದರು.

"ಇನ್ನೊಂದು ಮಿರ್ಚಿ ಹಾಕು. ಕೊಸರು."

ಎರಡು ಹಾಕಿದೆ.