ಗೋಡೆಗೆ ಕಿವಿಯಿಟ್ಟ ನಿರ್ದೇಶಕಿ

ಟಪ್— ಮತ್ತೆ ಟಪ್, ಗೋಡೆಯ ಒಳಗೇ ಎಲ್ಲೋ, ಕೆಳಗಿನ ಬಾಡಿಗೆಮನೆಯ ನರ್ಸಮ್ಮನ ಕೋಣೆಯಲ್ಲಿ ಗೋಡೆಗೆ ಕಿವಿಯೊತ್ತಿ ನಿಂತಿದ್ದಾಳೆ ಅವಳು, ಕೆನ್ನೆಗೆಲ್ಲ ಸುಣ್ಣ, ಮೆತ್ತಲಿ ಬಿಡು, ಬೆನ್ನ ಹಿಂದೆ ಅಣ್ಣ ಕಾಗದ ಹಿಡಿದು ಕೆಮ್ಮುತ್ತಿದ್ದಾನೆ, ಹನ್ನೊಂದಕ್ಕೆ ಏಜೆಂಟ್ ಬರ್ತಾನೆ ಕಣೇ, ಆರೂ ಮನೆ ನೋಡ್ಕೊಳ್ಳೋದನ್ನ ಅವನಿಗೇ ಒಪ್ಪಿಸಿ ಸಹಿ ಹಾಕೋಣ, ನಿನಗ್ಯಾಕೆ ಈ ಉಸಾಬರಿ— ಉಸಾಬರಿಯಂತೆ! ಈ ಕಟ್ಟಡವನ್ನು ನಮ್ಮದೇ ಕಂಪನಿಯ ಹೆಸರಿಗೆ ಮಾಡಿಸಿದ ದಿನ, ನಾಳೆ ಕೋರ್ಟು ಕಚೇರಿ ಅಂತಾದರೆ ನೀವು ವಾಸವಿರೋ ಸ್ವಂತ ಮನೆಗಳಿಗೆ ಬಿಸಿ ತಟ್ಟೋದಿಲ್ಲ ಎಂದು ವಕೀಲರು ಬಿಡಿಸಿ ಹೇಳುತ್ತಿದ್ದರೆ ಅತ್ತಿಗೆ ಕಿಸಕ್ಕನೆ ನಕ್ಕಿದ್ದಳು, ಏನು ಲಿಮಿಟೆಡ್ ಕಂಪನಿನಮ್ಮಾ, ನಿರ್ದೇಶಕಿನೂ ನೀನೇ, ಕಸ ಗುಡಿಸೋಳೂ ನೀನೇ— ಹೌದು, ನಾನೇ, ಆರು ಮನೆಯ ಬೀಗಗಳನ್ನೂ ಕಣ್ಣು ಮುಚ್ಚಿ ತೆಗೆಯಬಲ್ಲೆ, ಟಪ್, ಮಗು ಮಲಗೋ ಜಾಗದಲ್ಲೇ ಸೋರ್ತಿದೆ, ಇವತ್ತು ನಿಲ್ಲದಿದ್ರೆ ಖಾಲಿ ಮಾಡ್ತೀವಿ, ಬೇಜಾರು ಮಾಡ್ಕೋಬೇಡಿ, ಎನ್ನುವಾಗ ನರ್ಸಮ್ಮನಿಗೇ ಕಣ್ಣು ತುಂಬಿತ್ತು, ಮೇಲಿನ ಬಚ್ಚಲು ಪೂರಾ ಒಡೀಬೇಕು ಎಂದು ಏಜೆಂಟ್ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಿದ್ದ, ಗೋಡೆ ಮುಟ್ಟಿಯೂ ನೋಡದೆ— ಮೇಲಿನ ನೀರೆಲ್ಲ ಬಂದ್ ಮಾಡಿ ಅರ್ಧ ಗಂಟೆಯಾಯಿತು, ಆದರೂ ಟಪ್, ಅಂದರೆ ಕೊಳಾಯಿಯದಲ್ಲ, ಬಚ್ಚಲಿನದೂ ಅಲ್ಲ, ಮತ್ತೆ? ಸದ್ದಿನ ಹಿಂದೆ ಇನ್ನೊಂದು ಸದ್ದು, ಗುಂಯ್, ಸಣ್ಣಗೆ, ಬಿಡದೆ— ಏಸಿ! ಎರಡೆರಡು ಮೆಟ್ಟಿಲು ಹಾರುತ್ತಾಳೆ, ಮೇಲಿನ ಮನೆಯ ಮೇಷ್ಟ್ರ ಬಾಗಿಲು ಬಡಿಯುತ್ತಾಳೆ, ಮೇಷ್ಟ್ರೇ, ಏಸಿ ಯಾವಾಗ ಹಾಕಿಸಿದ್ರಿ, ಹೋದ ವಾರ ಕಣಮ್ಮ, ಸೆಕೆ ತಡೆಯೋಕಾಗ್ಲಿಲ್ಲ, ಅದರ ನೀರಿನ ಪೈಪು ಎಲ್ಲಿ ಬಿಟ್ಟಿದ್ದಾರೆ, ನನಗೇನಮ್ಮ ಗೊತ್ತು— ಬಾಲ್ಕನಿಯ ಗೋಡೆಯಲ್ಲಿ, ಅಷ್ಟೆತ್ತರದಲ್ಲಿ, ಹಳೆಯದೊಂದು ತೂತು, ಅದರೊಳಕ್ಕೆ ಬಿಳಿ ಪೈಪಿನ ತುದಿ ತುರುಕಿದ್ದಾರೆ ಪುಣ್ಯಾತ್ಮರು, ನೀರೆಲ್ಲ ಗೋಡೆಯ ಹೊಟ್ಟೆಗೇ, ಹಿಂದೆಯೇ ಬಂದ ಅಣ್ಣ ಏಣಿ ತಂದಿಡುತ್ತಾನೆ, ಗಟ್ಟಿಯಾಗಿ ಹಿಡ್ಕೋ ಅಣ್ಣಾ, ಬೀಳ್ತೀಯ ಕಣೇ, ನೀನು ಹಿಡ್ಕೊಂಡ್ರೆ ಯಾಕೆ ಬೀಳ್ತೀನಿ— ಎಳೆದಳು, ಬರಲಿಲ್ಲ, ಇನ್ನೊಮ್ಮೆ, ಸರ್ರನೆ ಹೊರಬಂತು, ಮೊಣಕೈವರೆಗೂ ತಣ್ಣನೆ ನೀರು, ಉಸಿರು ಹಿಡಿದು ಕಾಯುತ್ತಾಳೆ, ಎಷ್ಟು ಹೊತ್ತೋ, ಕೆಳಗಿನ ಕಿಟಕಿಯಿಂದ ನರ್ಸಮ್ಮನ ಕೂಗು, ನಿಂತೋಯ್ತಮ್ಮಾ, ನಿಂತೇಹೋಯ್ತು! ಮೇಷ್ಟ್ರು ಚಪ್ಪಾಳೆ ತಟ್ಟುತ್ತಿದ್ದಾರೆ, ಒಂದು ಇಟ್ಟಿಗೆಯನ್ನೂ ಒಡೆಯದೆ, ಕಿವಿಯೊಂದರಿಂದಲೇ, ಅವಳು, ನಿರ್ದೇಶಕಿ, ಕೆಳಗೆ ಕರೆಗಂಟೆ ಹೊಡೆದುಕೊಳ್ಳುತ್ತಿದೆ, ಹನ್ನೊಂದು, ಏಜೆಂಟ್, ಹೇಳು ಅಣ್ಣಾ ಅವನಿಗೆ ಏನು ಹೇಳಬೇಕೋ— ಬಗ್ಗಿ ನೋಡುತ್ತಾಳೆ, ಅಣ್ಣ ಎರಡೂ ಕೈಯಲ್ಲಿ ಏಣಿ ಅಪ್ಪಿ ಹಿಡಿದಿದ್ದಾನೆ, ಬಾಯಿ ತುಂಬ ನಗು, ಮತ್ತು ಹಲ್ಲುಗಳ ನಡುವೆ ಆ ಕಾಗದ, ಸಹಿಯ ಜಾಗ ಎಂಜಲಲ್ಲಿ ನೆನೆದು ತೂತಾಗುತ್ತಿದೆ, ಆ ಕಾಗದ, ಅಣ್ಣನ ಹಲ್ಲುಗಳ ನಡುವೆ—